ಹನ್ನೊಂದನೆಯ ಬಾಟಲಿ

“ನನ್ನ ಹೆಂಡ್ತಿ ವರ್ಷಕ್ಕೊಂದು ಮಾತು ನನ್ನ ಹತ್ರ ಹೇಳ್ತಿದ್ಳು, ಅಕ್ಕೋರೆ. ಈ ವರ್ಷದ್ದನ್ನ ಯಾರೋ ಕದ್ದಿದ್ದಾರೆ.”

ಬಂದವರ ಮೊದಲ ಮಾತೇ ಇದು. ಕಳೆದ ಜೂನ್ ತಿಂಗಳ ಒಂದು ಬೆಳಿಗ್ಗೆ, ಹೊನ್ನಾವರದ ನಮ್ಮ ಮನೆಯ ಜಗುಲಿಯಲ್ಲಿ ಅವರು ಕುಳಿತಿದ್ದರು. ನಮ್ಮ ಮನೆ ಎಂದರೆ ಮಹಾಲಕ್ಷ್ಮೀ ಅಕ್ಕೋರ ಮನೆ. ದನದ ಡಾಕ್ಟರಾದ ನಾನು, ವಿನುತಾ, ಅದರ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಒಂದು ಕಾಲಕ್ಕೆ ಅವರ ವಿದ್ಯಾರ್ಥಿನಿಯೂ ಆಗಿದ್ದೆ. ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಅಕ್ಕೋರ ಬಳಿ ಮಕ್ಕಳು ಬರುವುದು ನಿಂತಿತು, ದೊಡ್ಡವರು ಬರತೊಡಗಿದರು. ಕುಮಟೆಯಿಂದ ಭಟ್ಕಳದ ತನಕ ಯಾರಿಗೇ ತಲೆ ಬುಡ ತಿಳಿಯದ ಸಂಗತಿ ಎದುರಾದರೂ ಕೊನೆಗೆ ಈ ಜಗುಲಿಗೇ ಬರುತ್ತಿದ್ದರು.

ಬಂದವರ ಹೆಸರು ಕೃಷ್ಣಾನಂದ ನಾಯ್ಕ. ವಯಸ್ಸು ಅರವತ್ತನಾಲ್ಕು. ನಾಸಿಕದ ದೊಡ್ಡದೊಂದು ವೈನ್ ಕಾರ್ಖಾನೆಯಲ್ಲಿ ಬಹುಕಾಲ ರುಚಿ ನೋಡುವ ಕೆಲಸ ಮಾಡಿದವರು. ಈಗ ಶರಾವತಿ ಅಳಿವೆಯ ದಂಡೆಯ ತಮ್ಮ ಮನೆಯಲ್ಲೇ, ಪರವಾನಗಿ ಪಡೆದು, ನೇರಳೆ, ಮುರುಗಲು, ಗೇರುಹಣ್ಣಿನ ವೈನ್ ಮಾಡುತ್ತಾರೆ. ಮೂಸಿಯೇ ವೈನಿನ ವಯಸ್ಸು ಹೇಳುತ್ತಾರೆಂದು ಅವರ ಹೆಸರು ದೂರದವರೆಗೂ ಹೋಗಿತ್ತು.

“ಮೊದಲಿಂದ ಹೇಳಿ,” ಎಂದರು ಅಕ್ಕೋರು.

ಅವರು ಹೇಳಿದರು. ಹೆಂಡತಿ ಶ್ರೀಗೌರಿ ಹವ್ಯಕರ ಮನೆಯವಳು. ಕೃಷ್ಣಾನಂದರನ್ನು ಮದುವೆಯಾದದ್ದಕ್ಕೆ ತವರು ಅವಳನ್ನು ಬಿಟ್ಟಿತು. ತಮ್ಮ ಸುಜಯ ಒಬ್ಬ ಮಾತ್ರ ಬಂದು ಹೋಗುತ್ತಿದ್ದ. ಗಂಡ ನಾಸಿಕದಲ್ಲಿರುವಾಗ ಶ್ರೀಗೌರಿ ಅವರಿಂದಲೇ ಕಲಿತು, ೨೦೧೩ರ ನೇರಳೆಹಣ್ಣಿನಿಂದ ಹನ್ನೊಂದು ಪುಟ್ಟ ಭರಣಿಗಳಲ್ಲಿ ವೈನ್ ಹಾಕಿದಳು. ಒಂದು ವರ್ಷ ಕಾದು, ದಿನಕ್ಕೊಂದು ಭರಣಿಯಂತೆ ಬಾಟಲಿಗೆ ತುಂಬಿದಳು. ಪ್ರತಿ ಬಾಟಲಿಗೂ ಚೀಟಿ ಅಂಟಿಸಿ, ಅದರಲ್ಲಿ ಗಂಡನಿಗೆ ಒಂದು ಸಾಲು ಬರೆದು, ಕಾಣದಂತೆ ಖಾಕಿ ಕಾಗದ ಸುತ್ತಿ ಮೇಲೆ ಅಂಕಿ ಹಾಕಿದಳು. ಹನ್ನೊಂದನೆಯದನ್ನು ತುಂಬಿಟ್ಟ ದಿನವೇ, ೨೦೧೪ರ ಜೂನ್ ಹನ್ನೆರಡರಂದು, ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಸತ್ತಳು. ಮನೆಯಲ್ಲಿ ಯಾರೂ ಇರಲಿಲ್ಲ. ಸಂಜೆ ಕೆಲಸದ ಸಣ್ಣಿ ಬಂದು ನೋಡಿದಾಗ ಮೈ ತಣ್ಣಗಾಗಿತ್ತು.

“ಬಿದ್ದ ಮೇಲೂ ಒಂದೆರಡು ತಾಸು ಜೀವ ಇತ್ತು ಅಂದ್ರು ಡಾಕ್ಟರು. ಯಾರಾದ್ರೂ ಇದ್ದಿದ್ರೆ ಉಳೀತಿದ್ಳು.” ಕೃಷ್ಣಾನಂದರು ಕನ್ನಡಕ ತೆಗೆದು ಒರೆಸಿಕೊಂಡರು. “ಅಂದಿನಿಂದ ವರ್ಷಾ ವರ್ಷಾ ಅದೇ ದಿನ ಒಂದು ಬಾಟಲಿ ತೆಗೀತೆ. ಎಲ್ಲರನ್ನೂ ಊಟಕ್ಕೆ ಕರ್ದು ಅವಳ ಚೀಟಿ ಓದ್ತೆ. ಒಂದರಲ್ಲಿ ‘ಇವತ್ತು ನಿಮ್ಮ ಹಳೆ ಅಂಗಿ ಹಾಕಿಕೊಂಡು ಕೆಲಸ ಮಾಡಿದೆ’ ಅಂತ ಇತ್ತು. ಇನ್ನೊಂದರಲ್ಲಿ ‘ಇದು ಹುಳಿಯಾದರೆ ಬೈಯಬೇಡಿ’ ಅಂತ. ಈ ವರ್ಷ ಹನ್ನೊಂದನೇದು. ಕೊನೇದು.”

“ಅದರಲ್ಲಿ ಎಂತ ಇತ್ತು?”

“‘ನೇರಳೆ. ಹನ್ನೊಂದನೆಯದು.’ ಅಷ್ಟೇ. ಅಕ್ಷರ ಅವಳದ್ದರ ಹಾಗೇ ಇತ್ತು. ಆದ್ರೆ ಗ್ಲಾಸಿಗೆ ಹಾಕಿದಾಗ ಅಂಚು ನೇರಳೆ ಬಣ್ಣಕ್ಕಿತ್ತು ಅಕ್ಕೋರೆ! ಹನ್ನೆರಡು ವರ್ಷದ ವೈನಿನ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿರ್ಬೇಕು. ತಳದಲ್ಲಿ ಗಸಿಯೂ ಇರ್ಲಿಲ್ಲ.”

“ಮೂಸಿ ನೋಡಿದ್ರಾ?”

ಅವರು ನೆಲ ನೋಡಿದರು. “ನಾಲ್ಕು ವರ್ಷದ ಹಿಂದೆ ಆ ದೊಡ್ಡ ಜ್ವರ ಬಂದಾಗ ಹೋದ ವಾಸನೆ ವಾಪಸು ಬರ್ಲಿಲ್ಲ. ಡಾಕ್ಟರನ್ನ ಬಿಟ್ರೆ ಯಾರಿಗೂ ಹೇಳ್ಲಿಲ್ಲ. ಮಗಳಿಗೂ ಗೊತ್ತಿಲ್ಲ. ನನ್ನ ಹತ್ರ ಕೆಲಸ ಮಾಡುವ ಪ್ರವೀಣನ ಹತ್ರ ‘ಎಂತ ವಾಸನೆ ಬಂತು ಹೇಳು’ ಅಂತ ಕೇಳ್ತೆ. ಅಂವ ಪಾಠ ಅಂದ್ಕೊಂಡು ಹೇಳ್ತಾನೆ.” ಅವರು ದನಿ ತಗ್ಗಿಸಿದರು. “ಒಂದೇ ವಾಸನೆ ಬರ್ತದೆ. ಹೊತ್ತು ಮುಳುಗುವಾಗ ನೆಲಮಾಳಿಗೆಯ ಐದನೇ ಮೆಟ್ಟಿಲಿನ ಹತ್ರ ನಿಂತ್ರೆ, ಅವಳ ವೈನಿನ ವಾಸನೆ. ಸತ್ತ ನರ ಹಾಗೆ ಮಾಡ್ತದೆ ಅಂತಾರೆ ಡಾಕ್ಟರು. ಇರಬಹುದು. ನಾ ದಿನಾ ಹೋಗಿ ನಿಲ್ತೆ.”

ಚೀಲದಿಂದ ಅವರು ಉಳಿದ ಅರ್ಧ ಬಾಟಲಿ ತೆಗೆದಿಟ್ಟರು. ಅಕ್ಕೋರು ಕುಡಿಯುವವರಲ್ಲ. ನಾನು ಎರಡು ಗುಟುಕು ಕುಡಿದೆ. ಅಕ್ಕೋರು ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದರು.

“ಎಂತ ಹೇಳ್ತು ನಾಲಿಗೆ?”

“ಒಗರು ಜಾಸ್ತಿ. ನುಂಗಿದ ಮೇಲೆ ಮರದ ಕಹಿ ಉಳೀತದೆ,” ಎಂದೆ.

“ಮೂಗಿಗೆ ಬೇರೊಂದು ಸಿಕ್ತು. ಜಾಪತ್ರೆ.” ಅವರು ಕೃಷ್ಣಾನಂದರ ಕಡೆ ತಿರುಗಿದರು. “ನಿಮ್ಮ ಹೆಂಡ್ತಿ ವೈನಿಗೆ ಜಾಪತ್ರೆ ಹಾಕ್ತಿದ್ರಾ?”

“ಇಲ್ಲಪ್ಪ! ಹತ್ತು ಬಾಟಲಿಯಲ್ಲಿ, ನಾ ಮೂಸಿದ್ದರಲ್ಲೂ ಪ್ರವೀಣ ಮೂಸಿ ಹೇಳಿದ್ದರಲ್ಲೂ, ಇರ್ಲಿಲ್ಲ.” ಅವರ ಮುಖ ಬಿಳುಚಿತು. ತಮ್ಮ ಮೂಗಿಗೆ ಅದು ತಿಳಿಯಲಿಲ್ಲವೆಂಬುದೇ ಅವರನ್ನು ಹೆಚ್ಚು ನೋಯಿಸಿದಂತಿತ್ತು.

ಅದೇ ಮಧ್ಯಾಹ್ನ ನಾವು ಅವರ ಮನೆಗೆ ಹೋದೆವು. ಆಕಾಶ ಕವಿದಿತ್ತು, ಮಳೆ ಬಂದಿರಲಿಲ್ಲ. ಅಳಿವೆಯ ಕಡೆಯಿಂದ ಉಪ್ಪುಗಾಳಿ ಬೀಸುತ್ತಿತ್ತು. ನೆಲಮಾಳಿಗೆಯನ್ನು ಚಿರೆಕಲ್ಲು ಕಡಿದು ಮಾಡಿದ್ದರು. ಕಡಿದಾದ ಒಂಬತ್ತು ಮೆಟ್ಟಿಲು. ಕೃಷ್ಣಾನಂದರು ಐದನೆಯದರಲ್ಲಿ ಒಂದು ಕ್ಷಣ ನಿಂತೇ ಮುಂದೆ ಇಳಿದರು. ಅಭ್ಯಾಸವಾಗಿತ್ತು.

ಕೆಳಗೆ ಒಂದು ಮೂಲೆಯನ್ನು ಅವರು ಶ್ರೀಗೌರಿ ಬಿಟ್ಟುಹೋದ ಹಾಗೆಯೇ ಉಳಿಸಿದ್ದರು. ಸಣ್ಣ ಮೇಜು. ಒಣಗಿದ ಅಂಟಿನ ಬಟ್ಟಲು. ಮುಚ್ಚಳ ತೆಗೆದೇ ಇದ್ದ ಪೆನ್ನು. ಕುರ್ಚಿಯನ್ನು ಅರ್ಧ ಹಿಂದಕ್ಕೆ ಸರಿಸಿ ಈಗಷ್ಟೇ ಯಾರೋ ಎದ್ದು ಹೋದಂತಿತ್ತು. ನನಗೆ ಅಲ್ಲಿ ಬೆನ್ನು ತಿರುಗಿಸಿ ನಿಲ್ಲಲು ಆಗಲಿಲ್ಲ.

ಗೋಡೆಯ ಸಾಲಿನಲ್ಲಿ ಅಂಕಿ ಬರೆದ ಭರಣಿಗಳಿದ್ದವು. ಒಂದರಿಂದ ಹತ್ತರವರೆಗಿನವನ್ನು ತೊಳೆದು ಕವುಚಿಟ್ಟಿತ್ತು. ಹನ್ನೊಂದನೆಯದು ಮಾತ್ರ ನೆಟ್ಟಗೆ ನಿಂತಿತ್ತು, ಬಾಯಿಗೆ ಬಟ್ಟೆ ಕಟ್ಟಿತ್ತು.

“ಇದನ್ನ ತೊಳೆಯೂಕೆ ಅವಳಿಗೆ ಆಗ್ಲಿಲ್ಲ,” ಎಂದರು ಕೃಷ್ಣಾನಂದರು. “ಯಾರಿಗೂ ಮುಟ್ಟೂಕೆ ಬಿಡ್ಲಿಲ್ಲ ನಾನು.”

ಬಟ್ಟೆಯಿಂದ ಗೋಡೆಗೆ ಹಳೆಯ ಜೇಡರಬಲೆ ಹರಡಿ, ಅದರ ಮೇಲೆ ದೂಳು ದಪ್ಪವಾಗಿ ಕೂತಿತ್ತು. ಗಂಟಿನ ಮೇಲಿನ ದೂಳೂ ಕದಲಿರಲಿಲ್ಲ. ಅಕ್ಕೋರು ನನ್ನಿಂದ ಮೊಬೈಲಿನಲ್ಲಿ ಚಿತ್ರ ತೆಗೆಸಿ, ಕೃಷ್ಣಾನಂದರ ಅನುಮತಿ ಕೇಳಿ, ಗಂಟು ಬಿಚ್ಚಿದರು. ಟಾರ್ಚು ಹಾಕಿ ಒಳಗೆ ನೋಡಿದ ಮೇಲೆ ಏನೂ ಹೇಳದೆ ಮತ್ತೆ ಕಟ್ಟಿದರು.

ಮೇಲೆ ಬಂದು ಸಣ್ಣಿಯನ್ನು ಕರೆಸಿದರು. ಅರವತ್ತು ದಾಟಿದ ಹೆಂಗಸು. ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಆ ದಿನ ಬೆಳಿಗ್ಗೆ ನೀ ಬಂದಿದ್ಯಾ ಸಣ್ಣಿ?”

“ಬಂದಿದ್ದೆ ಅಕ್ಕೋರೆ. ಅಮ್ಮ ಹಿಂದಿನ ದಿವ್ಸ ಜಾಪತ್ರೆ ಬೇಕು ಅಂದಿದ್ರು. ನಮ್ಮನೆ ಹತ್ರ ಜಾಯಿಕಾಯಿ ಮರ ಇತ್ತು. ಬಾಗಿಲಲ್ಲೇ ಕೊಟ್ಟು ಗದ್ದೆ ಕೆಲ್ಸಕ್ಕೆ ಓಡಿದೆ. ಎಂತಕ್ಕೆ ಅಂತ ಕೇಳ್ಲಿಲ್ಲ, ಮಸಾಲೆಗೆ ಅಂದ್ಕೊಂಡೆ.” ಅವಳ ಕಣ್ಣು ತುಂಬಿತು. “ಒಂದ್ ಗಳಿಗೆ ಕೂತು ಹೋಗು, ಚಾ ಕುಡಿ ಅಂದ್ರು. ನಾ ಕೂರ್ಲಿಲ್ಲ.”

ನೆಲಮಾಳಿಗೆಯ ಕೀಲಿ ಅಡುಗೆಮನೆಯ ಮೊಳೆಗೆ ತೂಗುತ್ತಿತ್ತು. ಮನೆಗೆ ಬಂದುಹೋಗುವ ಯಾರಿಗಾದರೂ ಸಿಗುವಂತಿತ್ತು. ಅಂಥವರು ನಾಲ್ಕೇ ಜನ. ಕುಮಟೆಯಲ್ಲಿ ಉಪನ್ಯಾಸಕಿಯಾಗಿರುವ ಮಗಳು ವೀಣಾ. ತಾಯಿ ಸತ್ತಾಗ ಅವಳು ಧಾರವಾಡದಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ಆರು ವರ್ಷದ ಹಿಂದೆ ಕೆಲಸಕ್ಕೆ ಸೇರಿದ, ಶಿರಾಲಿಯ ಪ್ರವೀಣ. ಸಣ್ಣಿ. ಮತ್ತೆ ಸುಜಯ, ಅವನು ಮಾವಳ್ಳಿಯಲ್ಲಿ ಯಾತ್ರಿಕರಿಗಾಗಿ ಹೋಂಸ್ಟೇ ನಡೆಸುತ್ತಿದ್ದ. ಅಕ್ಕ ಸತ್ತ ದಿನ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇದ್ದೆನೆಂದು ಆಗ ಎಲ್ಲರಿಗೂ ಹೇಳಿದ್ದ.

ಹೊರಡುವಾಗ ಅಕ್ಕೋರು ಕೇಳಿದರು. “ನಿಮ್ಮ ಯಾವ ವೈನಿಗಾದ್ರೂ ಮರದ ಕಹಿ ಬಂದಿತ್ತಾ?”

“೨೦೨೨ರದ್ದಕ್ಕೆ. ಹಲಸಿನ ಮರದ ಸಣ್ಣ ಪೀಪಾಯಿಯಲ್ಲಿ ಇಟ್ಟು ನೋಡಿದೆ. ಪ್ರವೀಣ ಕುಡಿದು ಮುಖ ಕಿವುಚಿದ. ಮೂರೇ ಬಾಟಲಿ ಆತು. ಒಂದನ್ನ ಹಾಗೆ ರುಚಿ ನೋಡೂಕೆ ತೆರೆದದ್ದು. ಒಂದು ಪ್ರವೀಣನಿಗೆ, ಒಂದು ಸುಜಯನಿಗೆ ಕೊಟ್ಟೆ. ಇಟ್ಟು ಹಳೆಯದಾದ್ರೆ ಸರಿಯಾಗ್ತದೆ ಅಂದಿದ್ದೆ.”

ಭಾನುವಾರ ಮಧ್ಯಾಹ್ನ ಅಕ್ಕೋರು ಎಲ್ಲರನ್ನೂ ಆ ಮನೆಯ ಹಜಾರಕ್ಕೆ ಬರಹೇಳಿದರು. ನಿಮಗೆ ಕೊಟ್ಟ ೨೦೨೨ರ ಬಾಟಲಿಯನ್ನು ತನ್ನಿ ಎಂದು ಪ್ರವೀಣನಿಗೂ ಸುಜಯನಿಗೂ ತಿಳಿಸಿದ್ದರು. ಪ್ರವೀಣ ತಂದ, ಮೇಣದ ಮುದ್ರೆ ಹಾಗೆಯೇ ಇತ್ತು. ಸುಜಯ ಬರಿಗೈಯಲ್ಲಿ ಬಂದ. ಐವತ್ತರ ಆಸುಪಾಸಿನ, ಅಚ್ಚುಕಟ್ಟಾಗಿ ಬಟ್ಟೆ ಹಾಕಿದ, ಆಗಾಗ ಬಾಗಿಲಿನ ಕಡೆ ನೋಡುವ ಮನುಷ್ಯ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ನಾಲ್ಕು ಗ್ಲಾಸು ಇಟ್ಟಿದ್ದೆವು. ಮೊದಲನೆಯದರಲ್ಲಿ ಕಳೆದ ವರ್ಷದ ನೇರಳೆ ವೈನ್. ಎರಡನೆಯದರಲ್ಲಿ ಪ್ರವೀಣನ ಬಾಟಲಿಯದು. ಮೂರನೆಯದರಲ್ಲಿ ಶ್ರೀಗೌರಿಯ ಹತ್ತನೆಯ ಬಾಟಲಿಯದು; ಪ್ರತಿ ಬಾಟಲಿ ತೆರೆದಾಗಲೂ ಪುಟ್ಟ ಸೀಸೆಯೊಂದನ್ನು ತುಂಬಿ ಮೇಣ ಹಚ್ಚಿಡುವುದು ಕೃಷ್ಣಾನಂದರ ರೂಢಿ. ನಾಲ್ಕನೆಯದರಲ್ಲಿ ಈ ವರ್ಷ ತೆರೆದ ‘ಹನ್ನೊಂದನೆಯದು.’

“ವೀಣಾ, ಪ್ರವೀಣ, ವಿನುತಾ ರುಚಿ ನೋಡಿ,” ಎಂದರು ಅಕ್ಕೋರು. “ಸುಜಯ, ನೀನೂ.”

“ಆನು ಕುಡಿತ್ನಿಲ್ಲೆ ಅಕ್ಕೋರೆ. ಅಕ್ಕ ಹೋದ ಮೇಲೆ ಒಂದು ಹನಿ ಮುಟ್ಟಿದ್ನಿಲ್ಲೆ.”

“ಹಾಗಾದ್ರೆ ನಿನ್ನ ೨೦೨೨ರ ಬಾಟಲಿ ಎಲ್ಲಿದ್ದು?” ಅಕ್ಕೋರೂ ಅವನ ಹವ್ಯಕ ಮಾತಿನಲ್ಲೇ ಕೇಳಿದರು.

“ಯಾರೋ ಗಿರಾಕಿಗೆ ಕೊಟ್ಟೆ. ನೆನಪಿಲ್ಲೆ.”

ನಾವು ಒಂದೊಂದಾಗಿ ಕುಡಿದೆವು. ಹೊಸದು ನಾಲಿಗೆಯನ್ನು ಹಿಡಿದು ಜಗ್ಗುವಂತಿತ್ತು. ಹಣ್ಣಿನ ಹುಳಿ, ಸಿಪ್ಪೆಯ ಒಗರು. ಎರಡನೆಯದರಲ್ಲಿ ಒಗರಿನ ಹಿಂದೆಯೇ ಮರದ ಕಹಿ. ಮೂರನೆಯದು ಬೇರೆಯೇ. ಅಂಚು ಇಟ್ಟಿಗೆ ಬಣ್ಣ. ಒಗರೆಲ್ಲ ಕರಗಿ, ಒಣದ್ರಾಕ್ಷಿಯಂತೆ, ಹಳೆಯ ಪೆಟ್ಟಿಗೆ ತೆರೆದಾಗಿನಂತೆ ಮೃದುವಾಗಿತ್ತು. ವೀಣಾ ಆ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಡದೆ ನಿಂತಳು. ನಾಲ್ಕನೆಯದನ್ನು ಬಾಯಿಗಿಟ್ಟೊಡನೆ ಪ್ರವೀಣ ಹೇಳಿದ, “ಇದು ಎರಡನೇದೇ! ಅದೇ ಹಲಸಿನ ಕಹಿ. ಎಂತದೋ ಮಸಾಲೆ ಸೇರಿಸಿದ್ದಾರೆ, ಅಷ್ಟೇ.”

“ಸರಿಯಾಗಿ ಹೇಳಿದೆ,” ಎಂದರು ಅಕ್ಕೋರು. “ಈಗ ಕೇಳಿ. ಯಾರೋ ಶ್ರೀಗೌರಿಯ ಹನ್ನೊಂದನೆಯ ಬಾಟಲಿಯನ್ನು ತೆಗೆದು, ಅಲ್ಲಿ ೨೦೨೨ರ ವೈನಿನ ಬಾಟಲಿ ಇಟ್ಟರು. ಖಾಕಿ ಕಾಗದ ಸುತ್ತಿ ಅಂಕಿ ಹಾಕಿ ಮೊದಲೇ ಸಿದ್ಧ ಮಾಡಿ ತಂದರೆ, ಬದಲಾಯಿಸಲು ಒಂದು ನಿಮಿಷ ಸಾಕು. ಚೀಟಿಯಲ್ಲಿ ಎರಡೇ ಪದ, ಯಾಕೆಂದರೆ ಹೆಚ್ಚು ಬರೆದಷ್ಟೂ ಅಕ್ಷರದ ಕಳ್ಳತನ ಗೊತ್ತಾಗುತ್ತದೆ. ಮರದ ಕಹಿಯನ್ನು ಹಳೆತನ ಎಂದು ನಂಬಿಸಬಹುದು ಅಂದುಕೊಂಡರು. ಆದರೆ ಜಾಪತ್ರೆ ಯಾಕೆ?”

ಅಕ್ಕೋರು ನಾಲ್ಕನೆಯ ಗ್ಲಾಸನ್ನು ಮೇಜಿನ ನಡುವಿಗೆ ಸರಿಸಿದರು.

“ಶ್ರೀಗೌರಿಯ ಹತ್ತು ಬಾಟಲಿಗಳಲ್ಲಿ ಜಾಪತ್ರೆ ಇಲ್ಲ. ನಕಲು ಮಾಡುವವನು ಅವುಗಳಂತೆ ಮಾಡಬೇಕಿತ್ತು. ಇಲ್ಲದ್ದನ್ನು ಸೇರಿಸಿದ. ಮೊನ್ನೆ ನಾನು ಹನ್ನೊಂದನೆಯ ಭರಣಿಯ ಬಟ್ಟೆ ಬಿಚ್ಚಿದೆ. ಹನ್ನೊಂದು ವರ್ಷದಿಂದ ಯಾರೂ ಬಿಚ್ಚಿರಲಿಲ್ಲ. ಜೇಡರಬಲೆ ಹರಿದಿರಲಿಲ್ಲ, ದೂಳು ಕದಲಿರಲಿಲ್ಲ. ಒಳಗೆ ಒಣಗಿದ ಗಸಿಯಲ್ಲಿ ಅಂಟಿಕೊಂಡು ಎರಡು ಎಸಳು ಜಾಪತ್ರೆ ಇದೆ.”

ಕೃಷ್ಣಾನಂದರು ತಲೆ ಎತ್ತಿದರು.

“ಕೊನೆಯ ಭರಣಿಗೆ ಅವಳು ಹೊಸದೊಂದು ಪ್ರಯೋಗ ಮಾಡಿದಳು. ಜಾಪತ್ರೆ ಸಣ್ಣಿಯ ಕೈಯಿಂದ ಅವಳಿಗೆ ಬಂದದ್ದು ಅದೇ ದಿನ ಬೆಳಿಗ್ಗೆ. ಕೆಲವು ತಾಸು ನೆನೆಸಿ, ಸೋಸಿ ತುಂಬಿದಳು. ಸಂಜೆಗೆ ಅವಳಿರಲಿಲ್ಲ. ಅಂದರೆ ಆ ವೈನಿನಲ್ಲಿ ಜಾಪತ್ರೆ ಇದೆ ಎಂದು ತಿಳಿದಿದ್ದವರು ಆ ಹಗಲು ಅವಳ ಜೊತೆ ನೆಲಮಾಳಿಗೆಯಲ್ಲಿ ಇದ್ದವರು ಮಾತ್ರ. ಸಣ್ಣಿ ಬಾಗಿಲಲ್ಲಿ ಕೊಟ್ಟು ಹೋದಳು, ಯಾತಕ್ಕೆಂದು ತಿಳಿಯಲಿಲ್ಲ; ಅವಳ ಹತ್ತಿರ ೨೦೨೨ರ ವೈನೂ ಇಲ್ಲ. ವೀಣಾ ಧಾರವಾಡದಲ್ಲಿದ್ದಳು. ಪ್ರವೀಣ ಈ ಮನೆ ಕಂಡಿರಲೇ ಇಲ್ಲ, ಅವನ ಬಾಟಲಿಯ ಮುದ್ರೆಯನ್ನು ಈಗ ನಿಮ್ಮೆದುರಿಗೇ ಒಡೆದೆವು.” ಅಕ್ಕೋರು ಮೆಲ್ಲಗೆ ತಿರುಗಿದರು. “ಸುಜಯ, ಭಾವನಿಗೆ ಮೂಗು ಸತ್ತು ನಾಲ್ಕು ವರ್ಷ ಆತು. ಅದು ನಿಂಗೆ ಗೊತ್ತಿಲ್ಲೆ. ಗೊತ್ತಿದ್ದಿದ್ರೆ ಜಾಪತ್ರೆ ಹಾಕ್ತಿದ್ದಿಲ್ಲೆ.”

ವೀಣಾ ಅಪ್ಪನ ಮುಖ ನೋಡಿದಳು. ಅವರು ಹೌದೆಂದು ತಲೆಯಾಡಿಸಿದರು.

ಸುಜಯ ಮೊದಲು ನಕ್ಕಂತೆ ಮಾಡಿದ. ಆಮೇಲೆ ಕುಸಿದು ಬೆಂಚಿನ ಮೇಲೆ ಕುಳಿತ.

“ಆ ದಿನ ಬಂದಿದ್ದೆ. ಆಗೆಲ್ಲ ಕುಡಿತಿದ್ದೆ ನಾನು. ಬಿಟ್ಟಿದ್ದೇನೆ ಅಂತ ಅಕ್ಕನ ಹತ್ತಿರ ಆಣೆ ಹಾಕಿದ್ದೆ. ಅವಳು ರುಚಿ ನೋಡು ಅಂತ ಒಂದು ಚಮಚ ಕೊಟ್ಟಳು, ಎದುರಿಗೇ ಚೀಟಿ ಬರೆದಳು. ನನ್ನ ಹೆಸರು ಬರೆದದ್ದು ಕಂಡೆ. ಪೂರ್ತಿ ಓದಲಿಲ್ಲ. ಬಾಟಲಿ ಸುತ್ತಿಟ್ಟು ಅವಳು ಅಡುಗೆಗೆ ಮೇಲೆ ಹೋದಾಗ ಭಾವನ ಹಳೆ ಬಾಟಲಿಯೊಂದನ್ನು ತೆಗೆದು ಕುಡಿಯೂಕೆ ಶುರುಮಾಡಿದೆ. ಅವಳು ತಿರುಗಿ ಬಂದವಳು ನೋಡಿದಳು. ಬೈಯಲಿಲ್ಲ, ನನ್ನ ಕೈಯಲ್ಲಿದ್ದ ಬಾಟಲಿ ಹಿಡಿದು ಎಳೆದಳು. ನಾನು ಬಿಡದೆ ಮೆಟ್ಟಿಲು ಹತ್ತಿದೆ, ಅವಳೂ ಹಿಡಿದುಕೊಂಡೇ ಬಂದಳು. ಐದಾರು ಮೆಟ್ಟಿಲು ಹತ್ತಿರಬೇಕು. ಕೊಡಹಿ ಬಿಡಿಸಿಕೊಂಡೆ.”

“ಆಮೇಲೆ?” ಎಂದರು ಕೃಷ್ಣಾನಂದರು. ಅವರ ದನಿ ಗುರುತೇ ಸಿಗದಂತಿತ್ತು.

“ಓಡಿದೆ. ಬಾಟಲಿ ಹೊಳೆಗೆ ಎಸೆದೆ. ಸಂಜೆ ಫೋನ್ ಬಂದ ಮೇಲೇ ಸತ್ತಳು ಅಂತ ಗೊತ್ತಾದದ್ದು. ವರ್ಷ ವರ್ಷ ನೀವು ಊಟಕ್ಕೆ ಕರೆದು ಚೀಟಿ ಓದುವಾಗ ನಾನು ಎಣಿಸ್ತಿದ್ದೆ. ಇನ್ನು ನಾಲ್ಕು. ಇನ್ನು ಮೂರು. ಅಕ್ಕ ಜಾಪತ್ರೆ ವಿಷಯ ನಿಮಗೆ ಫೋನಿನಲ್ಲಿ ಹೇಳಿರಬಹುದು, ನಿಮ್ಮ ಮೂಗು ಅದನ್ನು ಹುಡುಕಬಹುದು ಅಂತ ಅದನ್ನೂ ಹಾಕಿ, ಕಳೆದ ತಿಂಗಳು ಬಂದಾಗ ಬದಲಾಯಿಸಿದೆ.”

“ಬಾಟಲಿ ಎಲ್ಲಿ?”

“ಮನೆಯ ಕಪಾಟಿನಲ್ಲಿದೆ. ಕಾಗದ ಬಿಚ್ಚೂಕೂ ಆಗಲಿಲ್ಲ, ಒಡೆಯೂಕೂ ಆಗಲಿಲ್ಲ.”

ನಾನು, ಪ್ರವೀಣ ಕಾರಿನಲ್ಲಿ ಮಾವಳ್ಳಿಗೆ ಹೋಗಿ ಅದನ್ನು ತಂದೆವು. ಒಂದೂವರೆ ತಾಸು ಹಿಡಿಯಿತು. ತಿರುಗಿ ಬಂದಾಗ ಎಲ್ಲರೂ ನಾವು ಬಿಟ್ಟುಹೋದ ಜಾಗದಲ್ಲೇ ಕುಳಿತಿದ್ದರು. ದೀಪವನ್ನೂ ಹಾಕಿರಲಿಲ್ಲ. ಇದು ಪೊಲೀಸರಿಗೆ ಹೋಗಬೇಕಾದದ್ದು, ಕಾಗದ ಮಾತ್ರ ಬಿಡಿಸಿ ಎಂದು ಅಕ್ಕೋರು ಹೇಳಿದರು. ಕೃಷ್ಣಾನಂದರು ಕಾಗದವನ್ನು ಹರಿಯದಂತೆ ಬಿಡಿಸಿದರು. ಬಾಟಲಿಯ ಒಂದು ಮಗ್ಗುಲಿಗೆ ಗಸಿ ಕಪ್ಪಗೆ ಹೆಪ್ಪುಗಟ್ಟಿತ್ತು. ಅವರು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊದಲು ಒಳಗೇ ಓದಿಕೊಂಡು, ಮತ್ತೆ ಗಟ್ಟಿಯಾಗಿ ಓದಿದರು.

“‘ಇದಕ್ಕೆ ಜಾಪತ್ರೆ ಹಾಕಿದ್ದೇನೆ. ಸುಜಯ ಪಕ್ಕದಲ್ಲೇ ಕೂತಿದ್ದಾನೆ, ಚೆನ್ನಾಗಿದೆ ಎನ್ನುತ್ತಾನೆ. ಕುಡಿಯುವುದು ಬಿಟ್ಟು ಮೂರು ತಿಂಗಳಾಯಿತಂತೆ, ನನಗೆ ಎಷ್ಟು ಸಂತೋಷ! ನೀವು ಬಂದಾಗ ಅವನಿಗೆ ಒಂದು ಮಾತು ಹೇಳಿ.’”

ಸುಜಯ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡ. ಬಾಗಿಲ ಬಳಿ ಸಣ್ಣಿ ಸೆರಗಿನಲ್ಲಿ ಮುಖ ಹುದುಗಿಸಿ ಅಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸುಜಯ ಎದ್ದ. ಪೊಲೀಸ್ ಠಾಣೆಗೆ ತಾನೇ ಹೋಗುತ್ತೇನೆ ಎಂದು ಏನೋ ಗೊಣಗುತ್ತಾ ಹೊಸ್ತಿಲ ಕಡೆ ನಡೆದ.

“ನಿಲ್ಲು,” ಎಂದರು ಕೃಷ್ಣಾನಂದರು. “ಬಿದ್ದ ಮೇಲೆ ಅವಳು ಎಂತಾದ್ರೂ ಹೇಳಿದ್ಳಾ?”

ಅವನು ತಿರುಗಲಿಲ್ಲ.

“ಹೇಳು ಸುಜಯ.”

“‘ತಮಾ, ಹೋಗಡ’ ಅಂದಳು. ಎರಡು ಸಲ.”

ಕೃಷ್ಣಾನಂದರು ಚೀಟಿಯ ಮೇಲೆ ಒಮ್ಮೆ ಬೆರಳಾಡಿಸಿ, ಬಾಟಲಿಯನ್ನು ಮೇಜಿನ ಮೇಲಿಟ್ಟರು. ಅವರು ಹೊಡೆಯಬಹುದು ಎಂದು ನಾನು ಹೆದರಿದ್ದೆ. ಪ್ರವೀಣನೂ ಒಂದು ಹೆಜ್ಜೆ ಮುಂದೆ ಬಂದಿದ್ದ.

“ಹಾಗಾದ್ರೆ ಹೋಗ್ಬೇಡ,” ಎಂದರು ಅವರು. “ಬಂದು ಇಲ್ಲಿ ಕೂತ್ಕೊ. ಅವರೇ ಇಲ್ಲಿಗೆ ಬರಲಿ.”

ಅಕ್ಕೋರು ನನ್ನ ಕಡೆ ನೋಡಿದರು. ನಾನು ಅಂಗಳಕ್ಕೆ ಹೋಗಿ ಫೋನ್ ಮಾಡಿದೆ. ಜೀಪು ಬರಲು ಮುಕ್ಕಾಲು ತಾಸಾಯಿತು. ಅಷ್ಟೂ ಹೊತ್ತು ಅವರಿಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತಿದ್ದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.